ಹಳೆಯ ಹೈಬ್ರಿಡ್ ಕಾರು ಕೊಳ್ಳುವ ಮುನ್ನ

2024 ಮತ್ತು 2025ರಲ್ಲಿ ಕಾಫಿಗೆ, ಅದರಲ್ಲಿಯೂ ರೊಬಸ್ಟಕ್ಕೆ, ನಮ್ಮ ಕಾಲದಲ್ಲಿ ಕಾಣದಿದ್ದಂಥ ಧಾರಣೆ ಬಂದಿತು. ಹಳೆಯ ಸಾಲ ತೀರಿಸಿದವರು ತೀರಿಸಿದರು. ಕಣಕ್ಕೆ ಸಿಮೆಂಟು ಹಾಕಿಸಿದವರು ಹಾಕಿಸಿದರು. ಮಿಕ್ಕ ಹಣದಲ್ಲಿ ಕಾರು ಬದಲಾಯಿಸುವ ಯೋಚನೆಗೆ ಬಿದ್ದ ಸದಸ್ಯರೂ ಕಡಿಮೆಯೇನಿಲ್ಲ. ಹೊಸ ಕಾರಿನ ಬೆಲೆ ಕೇಳಿ ಹಿಂದೆ ಸರಿದು, ಸೆಕೆಂಡ್ ಹ್ಯಾಂಡ್ ಕಾರುಗಳ ಕಡೆ ಮುಖ ಮಾಡಿದಾಗ ಅವರ ಕಿವಿಗೆ ಮೊದಲು ಬೀಳುವ ಮಾತು ‘ಹೈಬ್ರಿಡ್’. ಲೀಟರಿಗೆ ಇಪ್ಪತ್ತಾರು ಕಿಲೋಮೀಟರು ಕೊಡುತ್ತದೆ, ಅರ್ಧ ಪೆಟ್ರೋಲು ಅರ್ಧ ಕರೆಂಟು, ಚಾರ್ಜಿಗೆ ಹಾಕುವ ತಾಪತ್ರಯವಿಲ್ಲ ಎಂದು ದಲ್ಲಾಳಿಗಳು ವರ್ಣಿಸುತ್ತಾರೆ. ಸಂಘದ ಕಛೇರಿಗೆ ಗೊಬ್ಬರದ ಲೆಕ್ಕ ಕೇಳಲು ಬಂದವರು ಕೂಡ ಏಳುವ ಮುನ್ನ ಈ ಪ್ರಶ್ನೆಯನ್ನು ಕೇಳಿಯೇ ಏಳುತ್ತಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಕಾಯಿಕೊರಕದ ವಿಚಾರವನ್ನು ಬದಿಗಿಟ್ಟು ಕಾರಿನ ವಿಚಾರ ಬರೆಯುತ್ತಿದ್ದೇನೆ.

ನಮ್ಮ ಸದಸ್ಯರೊಬ್ಬರ ಸಂಗತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅವರ ಹೆಸರು ಇಲ್ಲಿ ಬೇಡ. ಗೆಂಡೆಹಳ್ಳಿ ಸುತ್ತಿನವರು, ಅರವತ್ತು ದಾಟಿದವರು. ಹನ್ನೆರಡು ಎಕರೆ ಕಾಫಿ, ಅದರಲ್ಲಿ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಮನೆಯವರ ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಸಲ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರಬೇಕು. ಬೇಲೂರು, ಹಾಸನದ ಓಡಾಟ ಇದ್ದೇ ಇದೆ. ವರ್ಷಕ್ಕೆ ಹದಿನೆಂಟು ಸಾವಿರ ಕಿಲೋಮೀಟರು ಆಗುತ್ತದೆಂದು ಹಳೆಯ ಗಾಡಿಯ ಮೀಟರು ನೋಡಿ ಲೆಕ್ಕ ಹಾಕಿದ್ದರು. ಮೊಣಕಾಲು ನೋವಿನಿಂದ ಕ್ಲಚ್ ತುಳಿಯುವುದು ಕಷ್ಟ, ಆದ್ದರಿಂದ ಆಟೋಮ್ಯಾಟಿಕ್ ಬೇಕು. ಬೆಂಗಳೂರಿನಲ್ಲಿರುವ ಮಗ ಮೂರು ಕಾರುಗಳ ಚಿತ್ರ ಕಳಿಸಿದ್ದ: 2019ರ ಮಾರುತಿ ಸಿಯಾಜ್, ಏಳೂವರೆ ಲಕ್ಷ, 2014ರ ಟೊಯೋಟ ಕ್ಯಾಮ್ರಿ, ಎಂಟು ಲಕ್ಷ, 2022ರ ಹೋಂಡ ಸಿಟಿ, ಹದಿಮೂರೂವರೆ ಲಕ್ಷ. ಮೂರರ ಹಿಂದೆಯೂ ಹೈಬ್ರಿಡ್ ಎಂಬ ಹೆಸರಿತ್ತು.

“ಮೂರೂ ಹೈಬ್ರಿಡ್ಡೇ ಅಂದಮೇಲೆ ಕಡಿಮೆ ರೇಟಿಂದು ತಗೊಂಡ್ರಾಯ್ತಲ್ಲ ಸೆಕ್ರೆಟರಿಗಳೇ?” ಎಂಬುದು ಅವರ ಪ್ರಶ್ನೆ.

ಇಲ್ಲಿಯೇ ತೊಡಕಿರುವುದು. ಮೂರಕ್ಕೂ ಹೆಸರು ಒಂದೇ ಆದರೂ ಒಳಗಿನ ಯಂತ್ರ ಮೂರು ತೆರನಾದುದು. ಅರೇಬಿಕ ರೊಬಸ್ಟಗಳೆರಡನ್ನೂ ಪೇಟೆಯವರು ಕಾಫಿ ಎಂದೇ ಕರೆಯುತ್ತಾರೆ. ಹಾಗೆಂದು ನಾವು ಒಂದೇ ಧಾರಣೆಗೆ ಕೊಡುತ್ತೇವೆಯೇ?

ಮೊದಲು ಸಿಯಾಜ್. ಇದರಲ್ಲಿರುವುದು ಸ್ಟಾರ್ಟರೂ ಡೈನಮೋವೂ ಒಂದೇ ಆಗಿರುವ ಒಂದು ಯಂತ್ರ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಲ್ಲಿಸುತ್ತದೆ, ಹೊರಟಾಗ ಎಬ್ಬಿಸುತ್ತದೆ, ವೇಗ ಹೆಚ್ಚಿಸುವಾಗ ಸ್ವಲ್ಪ ಕೈ ಹಾಕುತ್ತದೆ. ಎತ್ತಿನ ಗಾಡಿ ದಿಣ್ಣೆ ಹತ್ತುವಾಗ ಹಿಂದಿನಿಂದ ಒಬ್ಬ ಹುಡುಗ ನೂಕಿದಂತೆ. ಆದರೆ ಹುಡುಗನೊಬ್ಬನೇ ಗಾಡಿ ಎಳೆಯಲಾರ. ಇಲ್ಲಿಯೂ ವಿದ್ಯುತ್ ಮೋಟಾರಿನಿಂದಲೇ ಕಾರು ಒಂದು ಮಾರೂ ಚಲಿಸದು. 2015ರ ಸೆಪ್ಟೆಂಬರಿನಲ್ಲಿ ಡೀಸೆಲ್ ಸಿಯಾಜ್‌ಗೆ ಇದನ್ನು ಮೊದಲು ಅಳವಡಿಸಿದರು. ಆಗ ಕಂಪೆನಿ ಹೇಳಿಕೊಂಡ ಮೈಲೇಜು ಲೀಟರಿಗೆ 28.09 ಕಿ.ಮೀ. ಕೇಂದ್ರ ಸರ್ಕಾರದ ಫೇಮ್ ಯೋಜನೆಯಲ್ಲಿ ಸಹಾಯಧನವೂ ಸಿಗುತ್ತಿತ್ತು. 2017ರ ಏಪ್ರಿಲ್ 1ರಿಂದ ಈ ಬಗೆಯ ಸೌಮ್ಯ ಹೈಬ್ರಿಡ್‌ಗಳನ್ನು ಸರ್ಕಾರವೇ ಆ ಪಟ್ಟಿಯಿಂದ ಕೈಬಿಟ್ಟಿತು. ಇವಕ್ಕೂ ಪೂರ್ಣ ಹೈಬ್ರಿಡ್‌ಗಳಿಗೂ ಇರುವ ಅಂತರ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪೆಟ್ರೋಲ್ ಸಿಯಾಜ್‌ಗೆ ಈ ಏರ್ಪಾಡು ಬಂದದ್ದು 2018ರ ಆಗಸ್ಟ್‌ನಲ್ಲಿ, ಒಂದೂವರೆ ಲೀಟರಿನ ಹೊಸ ಎಂಜಿನ್ನಿನ ಜೊತೆಗೆ. ಅದಕ್ಕೆ ಮುಂಚಿನ 1.4 ಲೀಟರ್ ಪೆಟ್ರೋಲ್ ಸಿಯಾಜ್ ಯಾವ ಅರ್ಥದಲ್ಲಿಯೂ ಹೈಬ್ರಿಡ್ ಅಲ್ಲ. 2016ರ ಪೆಟ್ರೋಲ್ ಗಾಡಿಯನ್ನು ಹೈಬ್ರಿಡ್ ಎಂದು ಯಾರಾದರೂ ತೋರಿಸಿದರೆ ಅಲ್ಲಿಂದಲೇ ಎದ್ದು ಬರುವುದು ಕ್ಷೇಮ.

ಸಿಯಾಜ್ ತಯಾರಿಕೆ 2025ರಲ್ಲಿ ನಿಂತಿತು. ಅದಕ್ಕಾಗಿ ಹೆದರಬೇಕಾಗಿಲ್ಲ. ಅದೇ ಎಂಜಿನ್ ಎರ್ಟಿಗಾ ಮೊದಲಾದ ಗಾಡಿಗಳಲ್ಲಿಯೂ ಬಂದಿರುವುದರಿಂದ ಬಿಡಿಭಾಗಕ್ಕೂ ಮೆಕ್ಯಾನಿಕ್‌ಗೂ ನಮ್ಮ ಕಡೆ ಬರವಿಲ್ಲ.

ಕ್ಯಾಮ್ರಿ ಬೇರೆಯೇ ಜಾತಿ. ಜಪಾನಿನಲ್ಲಿ 1997ರ ಡಿಸೆಂಬರಿನಲ್ಲಿ ಪ್ರಿಯಸ್ ಎಂಬ ಹೆಸರಿನಿಂದ ಹೊರಬಂದ ಪೂರ್ಣ ಹೈಬ್ರಿಡ್‌ನ ವಂಶದ್ದು. ಎಂಜಿನ್ ಒಂದು ಎತ್ತು, ಮೋಟಾರು ಇನ್ನೊಂದು ಎತ್ತು. ಎರಡೂ ಒಂದೇ ನೊಗಕ್ಕೆ ಕಟ್ಟಿದವು. ಒಮ್ಮೆ ಒಂದು ಎಳೆಯುತ್ತದೆ, ಒಮ್ಮೆ ಇನ್ನೊಂದು, ದಿಣ್ಣೆಯಲ್ಲಿ ಎರಡೂ. ಹೈಬ್ರಿಡ್ ಕ್ಯಾಮ್ರಿಯನ್ನು 2013ರಿಂದ ನಮ್ಮದೇ ರಾಜ್ಯದ ಬಿಡದಿಯಲ್ಲಿ ಜೋಡಿಸಿ ಮಾರಿದರು. ಎರಡೂವರೆ ಲೀಟರಿನ ದೊಡ್ಡ ಎಂಜಿನ್ ಇದ್ದೂ ಆಗ ಹೇಳಿದ ಮೈಲೇಜು 19.16. ಸುಮಾರು ಮೂವತ್ತು ಲಕ್ಷಕ್ಕೆ ಹೊರಟ ಕಾರು ಈಗ ಎಂಟು ಲಕ್ಷಕ್ಕೆ ಸಿಗುವುದೆಂದರೆ ಯಾರಿಗಾದರೂ ಆಸೆ ಹುಟ್ಟುವುದು ಸಹಜ. ಆದರೆ ಅದರ ಪ್ರಾಣವಿರುವುದು ಹಿಂದಿನ ಸೀಟಿನ ಬೆನ್ನಿಗಿರುವ ನಿಕ್ಕಲ್ ಬ್ಯಾಟರಿಯಲ್ಲಿ. 2014ರ ಕಾರಿನ ಬ್ಯಾಟರಿಗೆ ಹತ್ತು ವರ್ಷ ದಾಟಿದೆ, ವಾರಂಟಿ ಎಂದೋ ಮುಗಿದಿದೆ. ಟೊಯೋಟದವರು ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡತೊಡಗಿದ್ದು 2021ರ ಆಗಸ್ಟ್‌ನಿಂದ. ಅದಕ್ಕೆ ಮುಂಚೆ ಅದು 3 ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಮಾತ್ರ. ಹೊಸ ಬ್ಯಾಟರಿಯ ಖರ್ಚು ಲಕ್ಷದ ಲೆಕ್ಕದ್ದು. ಅಧಿಕೃತ ಸರ್ವಿಸ್ ಕೇಂದ್ರದಿಂದ ಅದರ ದರವನ್ನು ಬರಹದಲ್ಲಿ ಪಡೆದು, ಕಾರಿನ ಬೆಲೆಗೆ ಕೂಡಿಸಿ ನೋಡದೆ ಇಂಥ ಗಾಡಿಗೆ ಮುಂಗಡ ಕೊಡಬಾರದು. ಇದಲ್ಲದೆ ಕಾರಿನ ಉದ್ದ ಐದು ಮೀಟರಿಗೆ ಹತ್ತಿರ, ನೆಲದಿಂದ ಎತ್ತರ 160 ಮಿ.ಮೀ. ಮಾತ್ರ. ವಿಧಾನಸೌಧದ ಮುಂದೆ ನಿಲ್ಲಿಸಲು ಚೆನ್ನ. ಮಳೆಗಾಲ ಕಳೆದ ನಮ್ಮ ತೋಟದ ದಾರಿಯ ತಿರುವಿನಲ್ಲಿ ಅದನ್ನು ತಿರುಗಿಸುವವರ ಪಾಡು ದೇವರಿಗೇ ಪ್ರೀತಿ.

ಪ್ರಿಯಸ್ 2010ರಲ್ಲಿ ನಮ್ಮ ದೇಶಕ್ಕೆ ಬಂದಿತು. ಹೋಂಡ ಸಿವಿಕ್ ಹೈಬ್ರಿಡ್ ಅದಕ್ಕೂ ಮುಂಚೆ, 2008ರಲ್ಲಿ. ಎರಡೂ ಹೊರದೇಶದಿಂದ ತರಿಸಿದವು, ಬಂದ ಸಂಖ್ಯೆ ಅಲ್ಪ. ಮೂರು ನಾಲ್ಕು ಲಕ್ಷಕ್ಕೆ ಸಿಕ್ಕಿತೆಂದು ಯಾರಾದರೂ ಉತ್ಸಾಹ ತೋರಿಸಿದರೆ, ಹಳೆಯ ಕಾರುಗಳ ಸಂಗ್ರಹ ಅವರ ಹವ್ಯಾಸವೇ ಎಂದು ಕೇಳಿ.

ಇನ್ನು ಸಿಟಿ. 2022ರ ಮೇ ತಿಂಗಳಲ್ಲಿ ಬಂದ ಈ ಹೈಬ್ರಿಡ್‌ನ ನಡೆಯೇ ವಿಚಿತ್ರ. ಊರೊಳಗೆ ನಿಧಾನವಾಗಿ ಹೋಗುವಾಗ ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು. ಎಂಜಿನ್ ಬೇಕಾದಾಗ ಎದ್ದು ಕರೆಂಟು ಮಾಡಿ ಕೊಡುತ್ತದೆ. ನಾವು ತೋಟದಲ್ಲಿ ಜನರೇಟರ್ ಓಡಿಸಿ ಪಂಪಿನ ಮೋಟಾರು ನಡೆಸುವುದಿಲ್ಲವೇ, ಹಾಗೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಎಂಜಿನ್ ನೇರವಾಗಿ ಚಕ್ರಕ್ಕೆ ಹೂಡಿಕೊಳ್ಳುತ್ತದೆ. ಹೇಳಿಕೊಂಡ ಮೈಲೇಜು 26.5, 2023ರಲ್ಲಿ ರೂಪ ತಿದ್ದಿ ಬಂದ ಮಾದರಿಗೆ 27.13. ಬ್ಯಾಟರಿ ಲಿಥಿಯಂ ಜಾತಿಯದು, ವಾರಂಟಿ ಕೊಂಡ ದಿನದಿಂದ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. 2022ರ ಗಾಡಿಗೆ ಇದು 2030ರವರೆಗೆ ಬರುತ್ತದೆ. ಆದರೆ ಮೀಟರಿನಲ್ಲಿ ಆಗಲೇ ಒಂದೂಕಾಲು ಲಕ್ಷ ಓಡಿದ್ದರೆ ವರ್ಷದ ಲೆಕ್ಕ ಬಿಟ್ಟು ಕಿಲೋಮೀಟರಿನ ಲೆಕ್ಕ ಹಿಡಿಯಬೇಕು. ವಾರಂಟಿ ಎರಡನೆಯ ಮಾಲೀಕನ ಹೆಸರಿಗೂ ನಡೆಯುವುದೆಂಬುದನ್ನು ಷಾಸಿ ನಂಬರು ಕೊಟ್ಟು ಸರ್ವಿಸ್ ಕೇಂದ್ರದಿಂದಲೇ ಖಚಿತಪಡಿಸಿಕೊಳ್ಳಿ. ಮಾರುವವನ ಬಾಯಿಮಾತು ಸಾಲದು.

ಸಿಟಿಯ ದೊಡ್ಡ ಕುಂದು ಡಿಕ್ಕಿ. ಮಾಮೂಲು ಪೆಟ್ರೋಲ್ ಸಿಟಿಯ ಡಿಕ್ಕಿ 506 ಲೀಟರ್ ಇದ್ದರೆ, ಬ್ಯಾಟರಿ ಜಾಗ ತಿಂದಿರುವುದರಿಂದ ಹೈಬ್ರಿಡ್‌ನದು 306 ಲೀಟರ್. ಗಾಡಿಯ ತೂಕವೂ ಸುಮಾರು ನೂರು ಕಿಲೋ ಹೆಚ್ಚು. ನಮ್ಮವರು ಕಾರು ಯಾವುದೇ ಇರಲಿ, ಡಿಕ್ಕಿಗೆ ಮೈಲುತುತ್ತದ ಚೀಲ, ಸ್ಪ್ರೇಯರು, ಅಡಿಕೆ ಮೂಟೆ ಹಾಕದೆ ಬಿಡುವವರಲ್ಲ. ಅಧಿಕ ವೋಲ್ಟೇಜಿನ ಬ್ಯಾಟರಿಯ ಪಕ್ಕದಲ್ಲಿ ಮೈಲುತುತ್ತ ಚೆಲ್ಲುವುದು ಯಾವ ಕಾರಣಕ್ಕೂ ಸಲ್ಲದು. ಆ ಕೆಲಸಕ್ಕೆ ಪಿಕಪ್ ಇರಲಿ.

ಘಾಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೇಟೆಯವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಇಲ್ಲಿಯೇ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಹಾಕಿದಾಗ ಗಾಡಿಯ ಓಟವೆಲ್ಲ ಡಿಸ್ಕ್ ಕಾದು ವ್ಯರ್ಥವಾಗುತ್ತದೆ. ಪೂರ್ಣ ಹೈಬ್ರಿಡ್‌ನಲ್ಲಿ ಅದರ ಒಂದು ಪಾಲನ್ನು ಮೋಟಾರು ಕರೆಂಟಾಗಿಸಿ ಬ್ಯಾಟರಿಗೆ ತುಂಬುತ್ತದೆ. ಹಾಗಾದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿಯವರೆಗೆ ಇಳಿದರೆ ಮಂಗಳೂರಿಗೆ ಬಿಟ್ಟಿ ಕರೆಂಟು ಸಿಕ್ಕಿತೇ? ಇಲ್ಲ. ಹೈಬ್ರಿಡ್ ಬ್ಯಾಟರಿ ಚಿಕ್ಕದು, ಕೆಲವೇ ತಿರುವು ಇಳಿಯುವುದರಲ್ಲಿ ತುಂಬಿಬಿಡುತ್ತದೆ. ಆಮೇಲೆ ಎಂಜಿನ್ ಬ್ರೇಕು ಮತ್ತು ಮಾಮೂಲು ಬ್ರೇಕಿನದೇ ಕೆಲಸ. ಇಳಿಯುವಾಗ ಎಂಜಿನ್ ತಾನಾಗಿ ಗುರುಗುಟ್ಟಿದರೆ ಗಾಡಿ ಕೆಟ್ಟಿತೆಂದು ಗಾಬರಿಯಾಗಬಾರದು. ಬ್ಯಾಟರಿ ತುಂಬಿದ ಮೇಲೆ ಹಾಗೆ ಆಗುವುದೇ ಸರಿ. ಹೈಬ್ರಿಡ್‌ನ ನಿಜವಾದ ಉಳಿತಾಯ ನಿಂತು ಹೊರಡುವ, ನಿಧಾನ ಮಾಡಿ ಮತ್ತೆ ಏರಿಸುವ ಓಟದಲ್ಲಿ. ಬೆಂಗಳೂರಿನ ರಸ್ತೆಯಲ್ಲಿ ಅದು ರಾಜ. ಹಾಸನದಿಂದ ಬೆಂಗಳೂರಿಗೆ ಒಂದೇ ವೇಗದಲ್ಲಿ ಹೋಗುವವನಿಗೆ ಲಾಭ ಕಡಿಮೆ. ಬೇಲೂರು ಹಾಸನದ ಓಡಾಟ ಇವೆರಡರ ನಡುವಿನದು.

ಆದ್ದರಿಂದ ನಾವು ಕಂಪೆನಿಯ 26.5ನ್ನು ಬಿಟ್ಟು, ನಮ್ಮ ರಸ್ತೆಗೆ ಹೈಬ್ರಿಡ್ ಸಿಟಿ 21, ಸಿಯಾಜ್ ಆಟೋಮ್ಯಾಟಿಕ್ 15 ಕೊಟ್ಟೀತೆಂದು ಹಿಡಿದೆವು. ಪೆಟ್ರೋಲು ಲೀಟರಿಗೆ 100 ರೂ. ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 18,000 ಕಿ.ಮೀ.ಗೆ ಸಿಯಾಜ್‌ಗೆ 1,200 ಲೀಟರ್, ಅಂದರೆ 1,20,000 ರೂ. ಸಿಟಿಗೆ 857 ಲೀಟರ್, 85,700 ರೂ. ಉಳಿತಾಯ 34,300 ರೂ. ಎರಡು ಕಾರುಗಳ ಬೆಲೆಯ ಅಂತರ ಆರು ಲಕ್ಷ. ಅದು ವಾಪಸು ಬರಲು ಹದಿನೇಳೂವರೆ ವರ್ಷ ಬೇಕು! ಅಷ್ಟರಲ್ಲಿ ಈಗ ನೆಟ್ಟ ಕಾಫಿ ಗಿಡ ಹಳೆಯದಾಗಿರುತ್ತದೆ. ಅದೇ ವರ್ಷದ ಮಾಮೂಲು ಪೆಟ್ರೋಲ್ ಸಿಟಿ ಹತ್ತೂವರೆ ಲಕ್ಷಕ್ಕೆ ಇತ್ತು. ಅದಕ್ಕೂ 15 ಎಂದೇ ಹಿಡಿದು ಹೋಲಿಸಿದರೂ ಮೂರು ಲಕ್ಷದ ಅಂತರ ತೀರಲು ಎಂಟು ವರ್ಷ ಒಂಬತ್ತು ತಿಂಗಳು, ಅಂದರೆ ಬ್ಯಾಟರಿಯ ವಾರಂಟಿ ಮುಗಿದ ಎಷ್ಟೋ ಕಾಲದ ಮೇಲೆ. ವರ್ಷಕ್ಕೆ 30,000 ಓಡಿಸುವವರಾದರೆ ಐದೂಕಾಲು ವರ್ಷಕ್ಕೆ ತೀರುತ್ತದೆ, ಅಂಥವರು ಯೋಚಿಸಬಹುದು. ಬೇಲೂರಿನ ಸಂತೆಗೂ ಮದುವೆ ಮುಂಜಿಗೂ ಎಂದು ಆರು ಸಾವಿರ ಓಡಿಸುವವರಿಗೆ ಇಪ್ಪತ್ತಾರು ವರ್ಷ. ತಮ್ಮ ತಮ್ಮ ಮೀಟರು ನೋಡಿಕೊಂಡು ಈ ಅಂಕಿಗಳನ್ನು ಸದಸ್ಯರು ತಾವೇ ಬದಲಿಸಿಕೊಳ್ಳಬೇಕೆಂದು ಕೋರುತ್ತೇನೆ.

ಹಣದ ಲೆಕ್ಕವೇ ಎಲ್ಲವೂ ಅಲ್ಲವೆಂಬುದು ನಿಜ. ಸಿಟಿ ಸದ್ದಿಲ್ಲದೆ ಹೋಗುತ್ತದೆ, ರೋಗಿಯನ್ನು ಕೂರಿಸಿಕೊಂಡು ಹೋಗಲು ಹಿತ. ಘಾಟಿ ಹತ್ತುವಾಗ ಮೋಟಾರಿನ ಎಳೆತ ಚೆನ್ನಾಗಿದೆ. ಈ ಸುಖಕ್ಕೆ ಇಷ್ಟು ಹಣ ಎಂದು ತಿಳಿದೇ ಕೊಡುವವರನ್ನು ನಾನು ಬೇಡವೆನ್ನುವುದಿಲ್ಲ. ಪೆಟ್ರೋಲು ಉಳಿಸಲು ಕೊಂಡೆ ಎಂದು ಮಾತ್ರ ಹೇಳಿಕೊಳ್ಳಬಾರದು. ನಮ್ಮ ಸದಸ್ಯರು ಲೆಕ್ಕದ ಹಾಳೆ ಮಡಚಿಕೊಂಡು ಹೋದರು. ಮೂರು ದಿನ ಬಿಟ್ಟು ಬಂದಾಗ ತೀರ್ಮಾನವಾಗಿತ್ತು. “ಕಾರು ಏಳೂವರೆ ಲಕ್ಷದ್ದೇ ಇರ್ಲಿ, ಆಸ್ಪತ್ರೆ ಖರ್ಚಿಗೆ ಆರು ಲಕ್ಷ ಕೈಯಲ್ಲಿರ್ಲಿ ಅಂತ ಅವಳೇ ಅಂದ್ಲು” ಎಂದರು. ಅವರು ನೋಡಿದ ಸಿಯಾಜ್ ಹಾಸನದ್ದು, ಒಬ್ಬರೇ ಮಾಲೀಕರು, ಸರ್ವಿಸ್ ಪುಸ್ತಕದಲ್ಲಿ ಒಂದು ಮೊಹರೂ ತಪ್ಪಿರಲಿಲ್ಲ.

ಆದರೂ ಪೂರ್ಣ ಹೈಬ್ರಿಡ್ ಕೊಳ್ಳುವವರು ಇರುತ್ತಾರಾದ್ದರಿಂದ ಪರೀಕ್ಷೆಯ ಮಾತು ಹೇಳಬೇಕು. ಗಾಡಿ ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಗುಂಡಿ ಒತ್ತಿದಾಗ ಸದ್ದಿಲ್ಲದೆ ‘ರೆಡಿ’ ಎಂಬ ದೀಪ ಬರಬೇಕು. ಅರ್ಧ ಗಂಟೆ ಊರೊಳಗೆ ಓಡಿಸಿ ಬ್ಯಾಟರಿ ಗುರುತಿನ ಮೇಲೆ ಕಣ್ಣಿಡಿ. ಅದು ನಿಧಾನವಾಗಿ ಏರಿಳಿಯುವುದು ಸರಿ. ಎರಡು ನಿಮಿಷಕ್ಕೆ ತುಂಬಿ ಎರಡು ನಿಮಿಷಕ್ಕೆ ಬರಿದಾದರೆ ಬ್ಯಾಟರಿ ಸೊರಗಿದೆಯೆಂದು ತಿಳಿಯಬೇಕು. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ನಿಲ್ಲದಿದ್ದರೆ, ಹಿಂದಿನ ಸೀಟಿನ ಬಳಿ ಫ್ಯಾನು ಜೋರಾಗಿ ಕೂಗುತ್ತಿದ್ದರೆ ಅದೇ ಅನುಮಾನ. ಕ್ಯಾಮ್ರಿ, ಪ್ರಿಯಸ್‌ಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವ ಗಾಳಿ ಹೋಗುವುದು ಹಿಂದಿನ ಸೀಟಿನ ಬದಿಯ ಜಾಲರಿಯಿಂದ. ನಾಯಿಯ ಕೂದಲು, ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು ಅಲ್ಲಿ ಸೇರಿದರೆ ಬ್ಯಾಟರಿ ಬೆಂದು ಆಯಸ್ಸು ಇಳಿಯುತ್ತದೆ. ಬೆರಳು ಹಾಕಿ ನೋಡಲು ಸಂಕೋಚಪಡಬೇಡಿ. ಕಡೆಗೆ ಅಧಿಕೃತ ಕೇಂದ್ರದಲ್ಲಿ ಯಂತ್ರ ಹಚ್ಚಿ ಬ್ಯಾಟರಿಯ ಸ್ಥಿತಿಯ ವರದಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಮಾರಾಟಗಾರನ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಬೆಂಗಳೂರಿನ ಗಾಡಿಯಾದರೆ ಇನ್ನೊಂದು ಎಚ್ಚರಿಕೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ಎಷ್ಟೋ ಕಾರುಗಳು ನೀರಿನಲ್ಲಿ ನಿಂತವು. ಹೈಬ್ರಿಡ್‌ಗೆ ನೀರು ನುಗ್ಗಿದ್ದರೆ ಅದನ್ನು ಮುಟ್ಟಬಾರದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಕಾರ್ಪೆಟ್ ಎತ್ತಿ ಮೂಸಿ, ಸ್ಟೆಪ್ನಿ ಇಡುವ ಜಾಗದ ಬೋಲ್ಟುಗಳ ತುಕ್ಕು ನೋಡಿ. ಇನ್ಶೂರೆನ್ಸ್ ಕ್ಲೇಮಿನ ಇತಿಹಾಸವನ್ನೂ ಕೇಳಿ.

ಮನೆಗೆ ತಂದ ಮೇಲೆ ನಮ್ಮ ಮಳೆಗಾಲವೇ ದೊಡ್ಡ ಪರೀಕ್ಷೆ. ಆಷಾಢದಲ್ಲಿ ಹತ್ತು ಹದಿನೈದು ದಿನ ಷೆಡ್ಡಿನಲ್ಲಿಯೇ ನಿಂತರೆ ಇಳಿಯುವುದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ಹೈಬ್ರಿಡ್ ಎಬ್ಬಿಸಲು ನೂಕಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ವಿದ್ಯೆ ಉಪಯೋಗಕ್ಕೆ ಬಾರದು. ವಾರಕ್ಕೊಮ್ಮೆ ಅರ್ಧ ಗಂಟೆ ‘ರೆಡಿ’ಯಲ್ಲಿ ಇಡಿ, ಸಾಧ್ಯವಾದರೆ ಒಂದು ಸುತ್ತು ಓಡಿಸಿ, ಬ್ರೇಕ್ ಡಿಸ್ಕಿನ ತುಕ್ಕೂ ಹೋಗುತ್ತದೆ. ಇಲಿಯ ಕಾಟಕ್ಕೆ ಪ್ರತಿದಿನ ಬಾನೆಟ್ ಎತ್ತಿ ನೋಡಿ. ಕಿತ್ತಳೆ ಬಣ್ಣದ ವಯರು ಕಡಿದಿದ್ದರೆ ತಾವೂ ಮುಟ್ಟಬೇಡಿ, ಪಂಪ್‌ಸೆಟ್ ರಿಪೇರಿಯವನಿಂದಲೂ ಮುಟ್ಟಿಸಬೇಡಿ. ಅದರಲ್ಲಿ ಹರಿಯುವುದು ಪ್ರಾಣ ತೆಗೆಯುವ ವೋಲ್ಟೇಜು.

ಕಾಗದಪತ್ರದ ವಿಷಯ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ ಬ್ಯಾಂಕಿನ ಪತ್ರದೊಡನೆ ಫಾರಂ 35, ಆರ್.ಸಿ.ಯಲ್ಲಿ ಸಾಲದ ನಮೂದು ಹಾಗೆಯೇ ಇದ್ದರೆ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ಗಾಡಿಗೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಮೇಲೆ ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು; ಅಗ್ಗವೆಂದು ಕಂಡದ್ದು ಅಲ್ಲಿಯೇ ಕರಗುತ್ತದೆ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಹಳೆಯ ಕಾರಿನ ವ್ಯಾಪಾರಿಗೆ 2025ರ ಜನವರಿಯಿಂದ ಶೇ. 18 ಜಿ.ಎಸ್.ಟಿ. ಇದೆ, ಆದರೆ ಅದು ಅವನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. ಪೂರ್ತಿ ಬೆಲೆಯ ಮೇಲೆ ಕೇಳಿದರೆ ಕೊಡಬೇಕಾಗಿಲ್ಲ. ಮನೆಯ ಮಾಲೀಕನಿಂದ ನೇರವಾಗಿ ಕೊಂಡರೆ ಅದೂ ಇಲ್ಲ.

ಫಾರಂ 29, 30ರ ಪ್ರತಿಗಳನ್ನೂ ಮೇಲಿನ ಲೆಕ್ಕದ ಖಾಲಿ ಹಾಳೆಯನ್ನೂ ಸಂಘದ ಕಛೇರಿಯಲ್ಲಿ ಇಡಲಾಗಿದೆ. ಬೇಕಾದ ಸದಸ್ಯರು ತಮ್ಮ ಗಾಡಿಯ ಮೀಟರ್ ಅಂಕಿ, ಕಳೆದ ವರ್ಷದ ಪೆಟ್ರೋಲ್ ಖರ್ಚು ಇವೆರಡನ್ನು ಬರೆದುಕೊಂಡು, ಗೊಬ್ಬರ ವಿತರಣೆಯ ದಿನ ಬಿಟ್ಟು ಬೇರೆ ದಿನ ಮಧ್ಯಾಹ್ನದೊಳಗೆ ಬಂದರೆ ಕೂತು ಲೆಕ್ಕ ಹಾಕಬಹುದು.